ಏಳರಿಂದ ಎಂಟರವರೆಗೆ

ಟಕ್ ಟಕ್. ಒಂದು ಉಸಿರಿನಷ್ಟು ಬಿಡುವು. ಟಕ್.

ಶಬ್ದ ಬಂದದ್ದು ಬೆನ್ನ ಹಿಂದಿನ ಗೋಡೆಯೊಳಗಿನಿಂದ. ಹೊರಗೆ ಕತ್ತಲಾಗಿ ಅರ್ಧ ಗಂಟೆಯಾಗಿತ್ತು. ಲಿಫ್ಟ್ ಮೆಕ್ಯಾನಿಕ್ ತನ್ನ ಸಾಮಾನು ಕೋಣೆಯಲ್ಲಿ, ಚಾಪೆಯ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದ. ಉಸಿರನ್ನು ಎಣಿಸುತ್ತಾ ಎಪ್ಪತ್ತನಾಲ್ಕಕ್ಕೆ ಬಂದಿದ್ದವನ ಕೈಯಿಂದ ಎಪ್ಪತ್ತೈದು ಜಾರಿಬಿತ್ತು.

ಮತ್ತೆ ಅದೇ. ಟಕ್ ಟಕ್. ಬಿಡುವು. ಟಕ್.

ಆ ಗೋಡೆಯ ಆಚೆಗಿದ್ದದ್ದು ಲಿಫ್ಟಿನ ಬಾವಿ. ನೆಲಮಾಳಿಗೆಯಿಂದ ಹತ್ತನೇ ಮಹಡಿಯವರೆಗೆ ಎದ್ದುನಿಂತ ಉಕ್ಕಿನ ಹಳಿಯನ್ನು ಎಲ್ಲಿ ತಟ್ಟಿದರೂ ಸದ್ದು ಬುಡದಲ್ಲಿದ್ದ ಈ ಎರಡು ಕೋಣೆಗಳ ಮನೆಗೆ ಇಳಿದು ಬರುತ್ತಿತ್ತು. ಸದ್ದೇನೂ ಅಪರಿಚಿತವಲ್ಲ. ಇಬ್ಬರು ಮೆಕ್ಯಾನಿಕ್‌ಗಳು ಜೊತೆಯಾಗಿ ಕೆಲಸ ಮಾಡುವಾಗ ಒಬ್ಬ ತುದಿಯ ಯಂತ್ರದ ಕೋಣೆಯಲ್ಲಿ, ಇನ್ನೊಬ್ಬ ಬಾವಿಯೊಳಗೆ. ಕೂಗಿದ ಮಾತು ಬಾವಿಯಲ್ಲಿ ಕಲಸಿಹೋಗುತ್ತದೆ, ಸ್ಪ್ಯಾನರಿನಿಂದ ಹಳಿಗೆ ತಟ್ಟಿದ್ದು ಕಲಸುವುದಿಲ್ಲ. ಎರಡು ತಟ್ಟಿ, ನಿಲ್ಲಿಸಿ, ಮತ್ತೊಂದು ತಟ್ಟಿದರೆ ಅರ್ಥ ಒಂದೇ: ಕೈಯಲ್ಲಿರುವುದನ್ನು ಬಿಟ್ಟು ನನ್ನ ಹತ್ತಿರ ಬಾ. ಉತ್ತರವಾಗಿ ಒಂದೇ ಒಂದು ಸಲ ತಟ್ಟಬೇಕು: ಬಂದೆ.

ಒಂಬತ್ತು ವರ್ಷಗಳಿಂದ ಆ ಸನ್ನೆಯನ್ನು ಅವನು ಕೇಳಿರಲಿಲ್ಲ.

ಕಣ್ಣು ಬಿಟ್ಟು ಗಡಿಯಾರ ನೋಡಿದ. ಏಳೂವರೆ. ಕಣ್ಣು ಮುಚ್ಚಿದ. ಏಳಲಿಲ್ಲ.

ಏಳದಿರುವುದು ಅವನ ವ್ರತವಾಗಿತ್ತು. ಒಂದು ವರ್ಷದ ಹಿಂದೆ ಅವನ ಸ್ಥಿತಿ ನೋಡುವಂತಿರಲಿಲ್ಲ. ಈ ಕಟ್ಟಡವಲ್ಲದೆ ಸುತ್ತಮುತ್ತಲಿನ ಇನ್ನೂ ಐದು ಕಟ್ಟಡಗಳ ಲಿಫ್ಟುಗಳು ಅವನ ಮೈಮೇಲೆ. ದಿನಕ್ಕೆ ನಲವತ್ತು ಫೋನು, ಕರೆದವರೆಲ್ಲರದ್ದೂ ತುರ್ತು. ಒಂದು ಮಧ್ಯಾಹ್ನ ಸ್ಕ್ರೂ ತಿರುಗಿಸಲು ಹೋದರೆ ಬೆರಳು ನಡುಗಿ ಸ್ಕ್ರೂಡ್ರೈವರ್ ಹತ್ತು ಮಹಡಿಯ ಆಳಕ್ಕೆ ಬಿತ್ತು. ಕೆಳಗೆ ಯಾರಾದರೂ ನಿಂತಿದ್ದಿದ್ದರೆ ಎಂದು ನೆನೆದು ಒಂಬತ್ತನೇ ಮಹಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತವನನ್ನು ಕಂಡು ಹೊರಗೆ ಬಂದವರು ಅದೇ ಮಹಡಿಯ ಸಿಸ್ಟರಮ್ಮ. ದೊಡ್ಡಾಸ್ಪತ್ರೆಯಲ್ಲಿ ಮೂವತ್ತೈದು ವರ್ಷ ನರ್ಸಾಗಿದ್ದು ನಿವೃತ್ತರಾದವರು. ಮಂಡಿ ಹಿಡಿದುಕೊಂಡಿದ್ದರಿಂದ ಲಿಫ್ಟಿಲ್ಲದೆ ಇಳಿಯಲಾರರು, ಆದರೆ ನಾಲಿಗೆಗೆ ಮಾತ್ರ ಯಾವ ನೋವೂ ಇರಲಿಲ್ಲ.

"ಎಲ್ಲಾನೂ ಮೊದಲು ಅಂತ ಓಡಿದ್ರೆ ಕೊನೆಗೆ ನೀನೇ ಆಸ್ಪತ್ರೆ ಮಂಚ ಹತ್ತೋದು ಕಣಪ್ಪಾ," ಎಂದಿದ್ದರು ನೀರು ಕೊಟ್ಟು. "ಯಾವುದು ಮೊದಲು, ಯಾವುದು ಆಮೇಲೆ ಅಂತ ಬರೆದು ಕಣ್ಣಿಗೆ ಬೀಳೋ ಕಡೆ ಅಂಟಿಸು. ದಿನಾ ಒಂದು ಗಂಟೆ ಸುಮ್ಮನೆ ಕೂತ್ಕೋ. ದೇವರು ಬರ್ತಾನೋ ಬಿಡ್ತಾನೋ, ನೀನಾದ್ರೂ ನಿನಗೆ ಸಿಗ್ತೀಯ."

ಅವನು ಸಾಮಾನಿನ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ರಟ್ಟೊಂದನ್ನು ಅಂಟಿಸಿ ದಪ್ಪ ಅಕ್ಷರದಲ್ಲಿ ಬರೆದ. ಒಂದು, ಮೌನ. ಎರಡು, ಕೆಲಸ. ಮೂರು, ಮನೆ. ಸಂಜೆ ಏಳರಿಂದ ಎಂಟರವರೆಗೆ ಬಾಗಿಲು ಮುಚ್ಚಿ, ಫೋನು ಆರಿಸಿ ಕೂರುವುದು. ಎಂಟರ ನಂತರ ಬೆಳಗಾಗುವವರೆಗೆ ಮಾತಿಲ್ಲ; ಇದು ಸಿಸ್ಟರಮ್ಮ ಹೇಳಿದ್ದಲ್ಲ, ಅವನೇ ಮೇಲಿಂದ ಸೇರಿಸಿಕೊಂಡದ್ದು. ಫಲ ಸಿಗದೆ ಇರಲಿಲ್ಲ. ಎರಡೇ ತಿಂಗಳಲ್ಲಿ ಬೆರಳ ನಡುಕ ನಿಂತಿತು, ಸಿಟ್ಟು ಇಳಿಯಿತು, ನಿದ್ದೆ ಬಂತು. ಆ ಒಂದು ಗಂಟೆ ಅವನ ಪಾಲಿಗೆ ಬಂಗಾರಕ್ಕಿಂತ ಹೆಚ್ಚಾಯಿತು.

ಸನ್ನೆ ಕೇಳಿದ ಆ ಸೋಮವಾರ ಎಂಟು ಹೊಡೆದ ಮೇಲೆ ಬಾಗಿಲು ತೆರೆದರೆ ಲಿಫ್ಟು ನಿಂತಿತ್ತು. ಮೆಟ್ಟಿಲು ಹತ್ತಿ ಯಂತ್ರದ ಕೋಣೆಗೆ ಹೋದ. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಒಳಗೆ ಪ್ಯಾನೆಲ್ಲಿನ ಮುಚ್ಚಳ ತೆಗೆದು ಟಾರ್ಚು ಬಿಟ್ಟವನಿಗೆ ಕಂಡದ್ದು, ರಿಲೇಯ ಎರಡು ಹಿತ್ತಾಳೆ ನಾಲಿಗೆಗಳ ನಡುವೆ ಮಡಿಸಿಟ್ಟ ಒಂದು ಚೂರು ಕಾಗದ.

ಅವನ ಕಸುಬಿನವರಿಗೆ ಮಾತ್ರ ಗೊತ್ತಿರುವ ಹಳೆಯ ಉಪಾಯ ಅದು. ಆ ನಾಲಿಗೆಗಳ ನಡುವೆ ಕಾಗದ ತೂರಿಸಿದರೆ ವಿದ್ಯುತ್ತು ಹರಿಯುವುದಿಲ್ಲ, ಲಿಫ್ಟು ಕದಲುವುದಿಲ್ಲ. ರಿಪೇರಿ ಮಾಡುವವನ ಜೀವಕ್ಕೆ ಅಭಯ. ಅದಕ್ಕೊಂದು ಕಟ್ಟುನಿಟ್ಟೂ ಇದೆ. ತೆಗೆದ ಚೀಟಿಯನ್ನು ಬಿಚ್ಚದೆ, ಬಿಸಾಡದೆ ಪೆಟ್ಟಿಗೆಯ ಮುಚ್ಚಳದ ಸಂದಿಗೆ ಸಿಕ್ಕಿಸಬೇಕು. ಇಟ್ಟದ್ದೆಷ್ಟು, ತೆಗೆದದ್ದೆಷ್ಟು ಎಂದು ಕೊನೆಗೆ ಎಣಿಸಬೇಕು. ಒಂದು ಚೀಟಿ ಒಳಗೇ ಉಳಿದರೂ ಕಟ್ಟಡಕ್ಕೆ ಕಟ್ಟಡವೇ ಮೆಟ್ಟಿಲು ಹತ್ತಬೇಕಾಗುತ್ತದೆ.

ಈ ಚೀಟಿಯನ್ನು ಮೂರು ಮಡಿಕೆ ಮಡಿಸಿ, ಬೆರಳಿಗೆ ಸಿಗಲೆಂದು ಒಂದು ಕಿವಿಯನ್ನು ಹೊರಕ್ಕೆ ತಿರುಚಲಾಗಿತ್ತು. ಆ ಮಡಿಕೆ ಅವನದೇ. ಅವನೂ ಅವನ ಹಳೆಯ ಜೊತೆಗಾರ ಉದ್ದಣ್ಣನೂ ಸೇರಿ ರೂಢಿ ಮಾಡಿಕೊಂಡದ್ದು. ಒಂಬತ್ತು ವರ್ಷದ ಹಿಂದೆ ಮಾತಿಗೆ ಮಾತು ಬೆಳೆದು ಉದ್ದಣ್ಣ ಸಾಮಾನು ಕಟ್ಟಿಕೊಂಡು ಹೊರಟಾಗ ಯಂತ್ರದ ಕೋಣೆಯ ಒಂದು ಕೀ ಅವನ ಜೇಬಿನಲ್ಲೇ ಹೋಗಿತ್ತು. ಉಳಿದವು ಎರಡು: ಒಂದು ಮೆಕ್ಯಾನಿಕ್‌ನ ಸೊಂಟದಲ್ಲಿ, ಇನ್ನೊಂದು ಅವನ ಮನೆಯ ಗೋಡೆಯ ಮೊಳೆಯಲ್ಲಿ.

ಚೀಟಿಯನ್ನು ಸಂದಿಗೆ ಸಿಕ್ಕಿಸಿದ. ಒಂದು.

ಮಂಗಳವಾರ ಅವನು ಹೊರಗಿನ ಕೆಲಸ ಮುಗಿಸಿ ಮನೆಗೆ ಬಂದಾಗ ಏಳಕ್ಕೆ ಹತ್ತು ನಿಮಿಷವಿತ್ತು. ಹೆಂಡತಿ ಬ್ಯಾಗು ಹೊಲಿಯುವ ಕಾರ್ಖಾನೆಯ ಕೆಲಸದವಳು. ಅವನು ಏಳುವ ಮೊದಲೇ ಬೆಳಗಿನ ಪಾಳಿಗೆ ಹೊರಟುಬಿಡುತ್ತಿದ್ದಳು. ಗಂಡಹೆಂಡತಿ ಮುಖ ನೋಡಿಕೊಳ್ಳುತ್ತಿದ್ದದ್ದು ಈ ಹತ್ತು ಹದಿನೈದು ನಿಮಿಷ ಮಾತ್ರ. ಅವನು ಕೈ ತೊಳೆದು, ನಿಂತಲ್ಲೇ ನಾಲ್ಕು ತುತ್ತು ತಿನ್ನುತ್ತಿದ್ದ.

"ರೀ, ಒಂದು ಮಾತಿತ್ತು."

"ಏಳಾಗೋಕೆ ನಾಲ್ಕೇ ನಿಮಿಷ ಇದೆ ಕಣೇ."

"ನಾಲ್ಕು ನಿಮಿಷಕ್ಕೆ ಮುಗಿಯೋ ಮಾತಲ್ಲ."

"ಹಾಗಾದ್ರೆ ಭಾನುವಾರ ಕೂತು ಮಾತಾಡೋಣ."

"ಟೋಕನ್ ಆದ್ರೂ ಕೊಡಿ, ಸಾಲಲ್ಲಿ ನಿಂತಿರ್ತೀನಿ," ಎಂದು ಅವಳು ನಕ್ಕಳು. ನಗು ತುಟಿಯಿಂದ ಕಣ್ಣಿಗೆ ಏರಲಿಲ್ಲ. ಗಡಿಯಾರ ನೋಡುತ್ತಿದ್ದ ಅವನಿಗೆ ಅದು ಕಾಣಲಿಲ್ಲ. ಅವಳು ಒಣಗಿದ ಬಟ್ಟೆ ತರಲೆಂದು ಬುಟ್ಟಿ ಎತ್ತಿಕೊಂಡು ಹೊರಟಳು. ಅವನು ಬಾಗಿಲು ಮುಚ್ಚಿದ.

ಏಳು ಇಪ್ಪತ್ತಕ್ಕೆ ಗೋಡೆ ಮಾತಾಡಿತು. ಟಕ್ ಟಕ್. ಟಕ್.

ಅವನು ಹಲ್ಲು ಕಚ್ಚಿ ಎಣಿಕೆಯನ್ನು ಹಿಡಿದುಕೊಂಡ. ಎಂಟಕ್ಕೆ ಎದ್ದು ಹತ್ತು ಮಹಡಿ ಹತ್ತಿದ. ಅದೇ ಜಾಗ, ಅದೇ ಮಡಿಕೆ. ಎರಡು.

ಬುಧವಾರ ಮೂರು.

ಪ್ರತಿ ಸಲವೂ ಲಿಫ್ಟು ನೆಲಮಹಡಿಯಲ್ಲಿ, ಬಾಗಿಲು ತೆರೆದು, ಖಾಲಿಯಾಗಿ ನಿಂತಿರುತ್ತಿತ್ತು. ಒಳಗೆ ಯಾರೂ ಇಲ್ಲದಿರುವುದನ್ನು ಪ್ಯಾನೆಲ್ಲಿನ ದೀಪ ನೋಡಿ ಖಾತ್ರಿ ಮಾಡಿಕೊಂಡೇ ಯಾರೋ ಕಾಗದ ಇಡುತ್ತಿದ್ದರು. ಕಸುಬು ಬಲ್ಲ ಕೈ. ಜನರನ್ನು ಹೆದರಿಸುವ ಉದ್ದೇಶವೂ ಇಲ್ಲದ ಕೈ. ಹಾಗಾದರೆ ಗುರಿ ತಾನೊಬ್ಬನೇ ಎಂದು ಅವನಿಗೆ ಖಚಿತವಾಯಿತು.

ಬುಧವಾರ ಎಂಟೂವರೆಗೆ ಅವನು ಇಳಿದು ಬಂದಾಗ ಕಟ್ಟಡದ ಮ್ಯಾನೇಜರು ಮನೆಯ ಮುಂದೆಯೇ ಕಾದು ನಿಂತಿದ್ದ.

"ಬನ್ನಿ ಋಷಿಗಳೇ, ಬನ್ನಿ. ತಪಸ್ಸು ಮುಗೀತಾ? ಎಂಟನೇ ಮಹಡಿ ವಕೀಲರು ಮೆಟ್ಟಿಲು ಹತ್ತಿ ಬಂದು ಏದುಸಿರಲ್ಲೇ ನನಗೆ ನೋಟೀಸ್ ಬರೆಯೋಕೆ ಕೂತಿದ್ದಾರೆ. ಫೋನ್ ಮಾಡಿದ್ರೆ ಸ್ವಿಚ್ ಆಫ್. ನಿನ್ನ ಬಾಗಿಲು ಬಡಿದು ಬಡಿದು ನನ್ನ ಕೈ ಊದಿದೆ ನೋಡು!"

ಮೆಕ್ಯಾನಿಕ್ ಮೌನದಲ್ಲಿದ್ದ. ಪೆಟ್ಟಿಗೆ ತೆರೆದು ಮೂರು ಚೀಟಿಗಳನ್ನು ತೋರಿಸಿ, ಯಾರೋ ಬೇಕೆಂದೇ ಮಾಡುತ್ತಿದ್ದಾರೆ ಎಂದು ಕೈಸನ್ನೆ ಮಾಡಿದ.

"ಯಾರು ಮಾಡಿದ್ರೂ ನನಗೆ ಒಂದೇ. ನಾಳೆ ಏಳು ಗಂಟೆಗೆ ನೀನು ಮೇಲೆ ಇರಬೇಕು, ಫೋನ್ ಆನ್ ಇರಬೇಕು. ಇನ್ನೊಂದು ಸಲ ಲಿಫ್ಟ್ ನಿಂತ್ರೆ ಶುಕ್ರವಾರ ಬೆಳಗ್ಗೆ ಹೊಸ ಕಂಪನಿಯವರು ಬರ್ತಾರೆ, ನೀನು ಮನೆ ಖಾಲಿ ಮಾಡ್ತೀಯ. ಮಾತಾಡೋ ಹಾಗಿಲ್ಲ ಅಲ್ವಾ? ಒಳ್ಳೇದೇ ಆಯ್ತು, ನಾನು ಹೇಳಿದ್ದೇ ಕೊನೆ."

ಬಾಗಿಲ ಸಂದಿಯಲ್ಲಿ ನಿಂತಿದ್ದ ಹೆಂಡತಿಯ ಮುಖ ಬಿಳಿಚಿಕೊಂಡಿತ್ತು. ಮನೆ ಹೋಗುವ ಮಾತು ಕೇಳಿ ಹೆದರಿದ್ದಾಳೆ ಎಂದುಕೊಂಡು ಅವನು ಅವಳ ಕಡೆಗೆ ಅಂಗೈ ಎತ್ತಿದ. ಹೆದರಬೇಡ, ಆಮೇಲೆ ನೋಡೋಣ ಎಂಬ ಸನ್ನೆ. ಆ ಅಂಗೈಯನ್ನು ಅವಳು ಒಂದು ಕ್ಷಣ ನೋಡಿ ಒಳಗೆ ಹೋದಳು.

ಗುರುವಾರ ಬೆಳಗ್ಗೆ ಅವನು ಪೆಟ್ಟಿಗೆಯ ಸಮೇತ ಸಿಸ್ಟರಮ್ಮನ ಮನೆಗೆ ಹೋದ. ಕೆಲಸ, ಸೂರು, ಆ ಒಂದು ಗಂಟೆ, ಮೂರೂ ಒಂದೇ ನೂಲಿನಲ್ಲಿ ತೂಗುತ್ತಿವೆ ಎಂದು ಹೇಳಿಕೊಂಡ. ಅವರು ಕನ್ನಡಕ ಏರಿಸಿ ಮುಚ್ಚಳದ ರಟ್ಟನ್ನು ಓದಿದರು. ವರ್ಷವಾದರೂ ಅದನ್ನು ಅವರು ನೋಡುತ್ತಿದ್ದದ್ದು ಅದೇ ಮೊದಲು.

"ಅಕ್ಷರ ದುಂಡಗಿದೆ," ಎಂದರು. ಮುಚ್ಚಳ ಮುಚ್ಚಿಟ್ಟು, "ನಾನು ವಾರ್ಡಿಗೆ ಹೋದ ತಕ್ಷಣ ಏನು ಮಾಡ್ತಿದ್ದೆ ಗೊತ್ತಾ? ನಲವತ್ತು ಮಂಚ. ಅರ್ಧ ಜನ ಸಿಸ್ಟರ್, ಸಿಸ್ಟರ್ ಅಂತ ಕೂಗೋರು. ಹೊಸ ಹುಡುಗೀರು ಯಾರು ಜೋರಾಗಿ ಕೂಗ್ತಾರೋ ಅವರ ಹತ್ರ ಓಡೋರು. ನಾನು ಬಾಗಿಲಲ್ಲಿ ನಿಂತು ಒಂದು ನಿಮಿಷ ಕಿವಿ ಕೊಡ್ತಿದ್ದೆ. ಕೂಗೋನಿಗೆ ಉಸಿರಿದೆ ಅಂತ ಗೊತ್ತಾಯ್ತಲ್ಲ. ನಿನ್ನೆ ನರಳ್ತಿದ್ದು ಇವತ್ತು ಸುಮ್ಮನಾದ ಮಂಚ ಯಾವುದು? ಮೊದಲು ಅಲ್ಲಿಗೆ ಹೋಗ್ತಿದ್ದೆ."

"ನನಗೆ ಕಾಗದ ಇಡೋ ಕಳ್ಳ ಸಿಗಬೇಕು ಸಿಸ್ಟರಮ್ಮ."

"ಸಿಗ್ತಾನೆ ಬಿಡು. ಆ ಒಂದು ಗಂಟೆ ಕೂತು ನೀನು ಏನು ಮಾಡ್ತೀಯ?"

"ಉಸಿರು ಎಣಿಸ್ತೀನಿ."

"ವರ್ಷವೆಲ್ಲಾ ಎಣಿಸಿದ್ದೀಯ. ಒಂದು ದಿನ ಕಿವಿ ಕೊಟ್ಟು ನೋಡು."

ಹಿರಿಯರ ಮಾತು ಗೌರವದಿಂದ ಕೇಳಿದ. ಅರ್ಥ ಮಾಡಿಕೊಳ್ಳುವಷ್ಟು ಪುರುಸೊತ್ತು ಮನಸ್ಸಿಗಿರಲಿಲ್ಲ. ಸಂಜೆ ಐದೂವರೆಗೆ ಊರಿನ ಇನ್ನೊಂದು ತುದಿಯ ಅಂಗಡಿ ಸಂಕೀರ್ಣಕ್ಕೆ ಹೋದ. ಎಸ್ಕಲೇಟರಿನ ಹೊಟ್ಟೆಯೊಳಗೆ ಅರ್ಧ ದೇಹ ಇಳಿಸಿಕೊಂಡು ಉದ್ದಣ್ಣ ಕೆಲಸ ಮಾಡುತ್ತಿದ್ದ. ಹೊರಗಿದ್ದ ಕಾಲುಗಳೇ ಗುರುತು ಹೇಳುವಷ್ಟು ಉದ್ದವಿದ್ದವು.

"ಹೊರಗೆ ಬಾರೋ."

"ಯಾರದು? ಓಹೋ! ಸ್ವಾಮಿಗಳ ಸವಾರಿ ಬಂತಾ?" ಉದ್ದಣ್ಣ ಗ್ರೀಸು ಮೆತ್ತಿದ ಮುಖವನ್ನು ಹೊರಗೆ ಹಾಕಿದ. "ನೀನು ಸನ್ಯಾಸಿ ಆಗಿದ್ದೀಯ ಅಂತ ಊರೆಲ್ಲಾ ಸುದ್ದಿ ಕಣೋ."

"ತಮಾಷೆ ಬೇಡ. ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತಿದ್ದೀಯ? ಈ ಮಡಿಕೆ ಯಾರದು?"

ಉದ್ದಣ್ಣ ಚೀಟಿಗಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿದ. ಅವನ ನಗು ಆರಿತು. "ನಮ್ಮ ಮಡಿಕೆನೇ. ಆದ್ರೆ ನನ್ನ ಕೈಯದ್ದಲ್ಲ. ನನ್ನ ಹೆಬ್ಬೆರಳು ನೋಡು, ಇಷ್ಟು ಸಣ್ಣ ಕಿವಿ ತಿರುಚೋಕಾಗುತ್ತಾ? ಮೂರು ದಿನದಿಂದ ರಾತ್ರಿ ಪಾಳಿ ಇದೇ ಗುಂಡಿಯೊಳಗೆ ನನ್ನದು. ಬೇಕಾದ್ರೆ ಆ ಅಂಗಡಿಯವರನ್ನೆಲ್ಲಾ ಕೇಳು."

"ಕೀ ನಿನ್ನ ಹತ್ರ ಇದೆ. ಆ ಕಟ್ಟಡದಲ್ಲಿ ಸನ್ನೆ ಗೊತ್ತಿರೋದು ನಮ್ಮಿಬ್ಬರಿಗೇ."

"ಕೀ ಕಳೆದುಹೋಗಿ ಎಷ್ಟೋ ಕಾಲ ಆಯ್ತು. ಇನ್ನು ಸನ್ನೆ..." ಉದ್ದಣ್ಣ ಅವನನ್ನೇ ದಿಟ್ಟಿಸಿದ. "ಲೇ, ನನ್ನ ಮಣಿಕಟ್ಟು ಮುರಿದು ಮೂರು ತಿಂಗಳು ಪ್ಲಾಸ್ಟರ್ ಹಾಕ್ಕೊಂಡು ಮಲಗಿದ್ನಲ್ಲ, ಆಗ ನಿನಗೆ ಮೇಲಿಂದ..."

ಸಂಕೀರ್ಣದ ದೊಡ್ಡ ಗಡಿಯಾರ ಆರು ಗಂಟೆ ಬಾರಿಸಿತು. "ಏಳಕ್ಕೆ ನಾನು ಅಲ್ಲಿರಬೇಕು," ಎಂದು ಮೆಕ್ಯಾನಿಕ್ ಚೀಟಿಗಳನ್ನು ಕಸಿದುಕೊಂಡು ಓಡಿದ.

"ಪೂರ್ತಿ ಕೇಳೋ ಮಾರಾಯಾ!" ಎಂಬ ಕೂಗು ಬೆನ್ನಿಗೆ ಬಿತ್ತು.

ಮನೆ ಮುಟ್ಟಿದಾಗ ಏಳಕ್ಕೆ ಐದು ನಿಮಿಷ. ಹೆಂಡತಿ ತಟ್ಟೆ ಮುಚ್ಚಿಟ್ಟಿದ್ದಳು. ಮಾತಿತ್ತು ಎಂದೂ ಹೇಳಲಿಲ್ಲ, ಟೋಕನ್ನೂ ಕೇಳಲಿಲ್ಲ. ಅವನು ಪೆಟ್ಟಿಗೆಯಿಂದ ಎಲ್ಲಕ್ಕಿಂತ ದೊಡ್ಡ ಸ್ಪ್ಯಾನರನ್ನು ಎತ್ತಿಕೊಂಡ. ಮೇಲೆ ಹೋಗಿ ಕತ್ತಲಲ್ಲಿ ಅಡಗಿ ಕೂರುವುದು, ಬಂದವನ ಕೈಗೆ ಒಂದೇ ಏಟು ಕೊಡುವುದು. ದಾರಿಯುದ್ದಕ್ಕೂ ಅದನ್ನೇ ನೆನೆಯುತ್ತಾ ಬಂದಿದ್ದ. ಆದರೆ ಸ್ಪ್ಯಾನರು ಹಿಡಿದ ಬೆರಳುಗಳನ್ನು ನೋಡಿಕೊಂಡವನು ನಿಂತಲ್ಲೇ ನಿಂತ. ಬೆರಳು ನಡುಗುತ್ತಿತ್ತು. ವರ್ಷದ ಹಿಂದಿನ ಅದೇ ನಡುಕ.

ಈ ಕೈ ಹೊತ್ತು ಮೇಲೆ ಹೋದರೆ ಇವತ್ತು ಯಾರಾದರೂ ಸಾಯುತ್ತಾರೆ ಎಂದು ಅವನಿಗೆ ಭಯವಾಯಿತು. ಐದು ನಿಮಿಷ ಕುಳಿತು ಹೋಗುತ್ತೇನೆ ಎಂದುಕೊಂಡು ಸಾಮಾನು ಕೋಣೆಯ ಬಾಗಿಲು ಮುಚ್ಚಿದ.

ಉಸಿರು ಎಣಿಸಲು ಹೋದರೆ ಲೆಕ್ಕ ಮೂರಕ್ಕೇ ಮುರಿದುಬಿತ್ತು. ಮತ್ತೆ ಶುರುಮಾಡಿದ, ಮತ್ತೆ ಮುರಿಯಿತು. ಕೊನೆಗೆ ಎಣಿಕೆಯನ್ನೇ ಬಿಟ್ಟು, ಬೇರೆ ದಾರಿ ಕಾಣದೆ, ಸುಮ್ಮನೆ ಕಿವಿ ಕೊಟ್ಟ.

ಮೊದಲು ಕೇಳಿದ್ದು ತನ್ನದೇ ಎದೆಬಡಿತ. ಅದರಾಚೆ ನಲ್ಲಿಯ ತೊಟ್ಟು. ಅದರಾಚೆ ಮೆಟ್ಟಿಲ ಮೇಲೆ ಯಾರದೋ ಚಪ್ಪಲಿ. ಅದರಾಚೆ ಏನೂ ಇಲ್ಲ. ಆ ಏನೂ ಇಲ್ಲದಿರುವಿಕೆ ಅವನನ್ನು ಹಿಡಿದು ನಿಲ್ಲಿಸಿತು. ಈ ಹೊತ್ತಿಗೆ ಮನೆಯಲ್ಲಿ ಏನೋ ಇರುತ್ತಿತ್ತಲ್ಲ? ತರಕಾರಿ ಹೆಚ್ಚುವಾಗಿನ ರಾಗವಿಲ್ಲದ ಗುನುಗು. ಸೋರುವ ನಲ್ಲಿಗೆ ಬೈಗುಳ: "ನಿನಗೂ ವ್ರತ ಹಿಡಿಸ್ತೀನಿ ತಾಳು." ರೇಡಿಯೋದ ಗೊರಗೊರ. ವರ್ಷವಿಡೀ ಅವನ್ನೆಲ್ಲ ಧ್ಯಾನಕ್ಕೆ ಅಡ್ಡಿ ಎಂದು ಬದಿಗೆ ಸರಿಸುತ್ತಾ ಬಂದಿದ್ದ. ಅವು ಯಾವಾಗ ನಿಂತವು? ಹದಿನೈದು ದಿನವಾಯಿತೇ? ತಿಂಗಳೇ?

ನಿನ್ನೆ ನರಳುತ್ತಿದ್ದು ಇವತ್ತು ಸುಮ್ಮನಾದ ಮಂಚ ಯಾವುದು?

ಉದ್ದಣ್ಣನ ಅರ್ಧ ಮಾತು ತಾನಾಗಿ ಪೂರ್ತಿಯಾಗತೊಡಗಿತು. ಮಣಿಕಟ್ಟು ಮುರಿದ ಆ ಮೂರು ತಿಂಗಳು ಯಂತ್ರದ ಕೋಣೆಯಲ್ಲಿ ಟಾರ್ಚು ಹಿಡಿದು, ಚೀಟಿ ಮಡಿಸಿ, ಹಳಿ ತಟ್ಟುತ್ತಾ ನಿಂತವರು ಒಬ್ಬರಿದ್ದರು. ಅವರಿಗೆ ಸನ್ನೆ ಕಲಿಸಿದವನು ಅವನೇ. ನಾಲ್ಕು ದಿನದಿಂದ ಶಂಕಿತರ ಪಟ್ಟಿ ಮಾಡುತ್ತಾ ಕುಳಿತವನ ನೆನಪಿಗೆ ಅವರೊಬ್ಬರು ಬಂದೇ ಇರಲಿಲ್ಲ.

ಟಕ್ ಟಕ್.

ಅವನು ಉಸಿರು ಬಿಗಿಹಿಡಿದ. ಬಿಡುವು ಎಂದಿಗಿಂತ ಉದ್ದವಾಗಿತ್ತು, ಇನ್ನು ಸಾಕು ಎಂದು ಯೋಚಿಸುವವರ ಬಿಡುವಿನಂತೆ.

ಟಕ್.

ಏಳು ಇಪ್ಪತ್ತೈದು. ಒಂದು ವರ್ಷದಲ್ಲಿ ಮೊದಲ ಸಲ ಆ ಬಾಗಿಲು ಎಂಟಕ್ಕೆ ಮೊದಲು ತೆರೆಯಿತು. ಸ್ಪ್ಯಾನರು ಚಾಪೆಯ ಮೇಲೆಯೇ ಉಳಿಯಿತು. ಅವನು ಕೈಗೆ ತೆಗೆದುಕೊಂಡದ್ದು ಮೂರು ಚೀಟಿಗಳನ್ನು ಮಾತ್ರ.

ನಿಂತ ಲಿಫ್ಟಿನ ಮುಂದೆ ಮ್ಯಾನೇಜರು ಕುಣಿಯುತ್ತಿದ್ದ. "ನಿಂತೇಬಿಡ್ತಲ್ಲೋ! ಮೇಲೆ ಇರು ಅಂದಿದ್ನಲ್ಲೋ! ನಾಳೆ ಎಂಟು ಗಂಟೆಗೆ ಕಂಪನಿಯವರ ಮುಂದೆ ಬಂದು ನಿಂತು ಕೀ ಒಪ್ಪಿಸು, ಇಲ್ಲಾಂದ್ರೆ ಸಾಮಾನು ಬೀದಿಗೆ!"

ಅವನು ಮೆಟ್ಟಿಲು ಹತ್ತುತ್ತಾ ಮೊದಲ ಚೀಟಿಯನ್ನು ಬಿಚ್ಚಿದ. ಕಸುಬಿಗೆ ಇಳಿದ ಇಪ್ಪತ್ತು ವರ್ಷದಲ್ಲಿ ಚೀಟಿಯೊಂದನ್ನು ಬಿಚ್ಚಿದ್ದು ಅದೇ ಮೊದಲು. ಒಳಮಡಿಕೆಯಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ.

"ಮೇಲೆ ಬನ್ನಿ. ಒಂದು ಮಾತಿದೆ."

ನಾಲ್ಕನೇ ಮಹಡಿಯಲ್ಲಿ ಕಂಬಿ ಹಿಡಿದು ಎರಡನೆಯದನ್ನು ಬಿಚ್ಚಿದ.

"ಗಂಟು ಚಿಕ್ಕದೇ ಅಂತೆ. ಆದ್ರೂ ಕೊಯ್ದು ನೋಡಬೇಕಂತೆ."

ಮೆಟ್ಟಿಲು ಕಣ್ಣಿಗೆ ಕಾಣಿಸಲಿಲ್ಲ. ಏಳನೇ ಮಹಡಿಯ ದೀಪದ ಕೆಳಗೆ ಮೂರನೆಯದು.

"ಶುಕ್ರವಾರ ಬೆಳಗ್ಗೆ ಎಂಟಕ್ಕೆ ಆಸ್ಪತ್ರೆ. ಒಬ್ಬರೇ ಬರಬೇಡಿ ಅಂದಿದ್ದಾರೆ. ನನಗೂ ಒಬ್ಬಳೇ ಹೋಗೋಕೆ ಭಯ."

ಶುಕ್ರವಾರ ಎಂದರೆ ನಾಳೆ. ನಾಳೆ ಎಂಟಕ್ಕೆ ಅವನು ಎಲ್ಲಿರಬೇಕು ಎಂಬುದರಲ್ಲಿ ಅವನಿಗೆ ಈಗ ಯಾವ ಗೊಂದಲವೂ ಉಳಿದಿರಲಿಲ್ಲ. ಕೆಳಗಿನಿಂದ ಮ್ಯಾನೇಜರಿನ ಕೂಗು ಮಹಡಿ ಮಹಡಿಗೂ ಸಣ್ಣದಾಗುತ್ತಾ ಬಂತು. ಒಂಬತ್ತನೇ ಮಹಡಿಯಲ್ಲಿ ಸಿಸ್ಟರಮ್ಮನ ಬಾಗಿಲು ತೆರೆದಿತ್ತು. ಅವರು ಕುರ್ಚಿಯಲ್ಲಿ ಕುಳಿತೇ ಅವನ ಮುಖ ನೋಡಿ, ಮೇಲಿನ ಮೆಟ್ಟಿಲುಗಳತ್ತ ಗಲ್ಲ ಎತ್ತಿ ಸನ್ನೆ ಮಾಡಿದರು.

ತಾರಸಿಯಲ್ಲಿ ಗಾಳಿ ಬೀಸುತ್ತಿತ್ತು. ಹಗ್ಗದ ಮೇಲೆ ಒಣಗಿದ ಬಟ್ಟೆಗಳು ತೆಗೆಯುವವರಿಲ್ಲದೆ ಪಟಪಟನೆ ಬಡಿದುಕೊಳ್ಳುತ್ತಿದ್ದವು. ಯಂತ್ರದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಒಳಗೆ ಕತ್ತಲು. ಏದುಸಿರಿನಲ್ಲಿ ಅವನು ಹೊಸ್ತಿಲ ಮುಂದೆ ನಿಂತ. ಎಂಟಾಗಿರಲಿಲ್ಲ, ಮಾತಾಡಲು ವ್ರತದ ಅಡ್ಡಿ ಇರಲಿಲ್ಲ. ಆದರೂ ಮಾತಿನ ಬದಲು ಬೆರಳ ಗಿಣ್ಣಿನಿಂದ ಕಬ್ಬಿಣದ ಬಾಗಿಲಿಗೆ ಒಂದೇ ಒಂದು ಸಲ ತಟ್ಟಿದ.

ಟಕ್. ಬಂದೆ.

ಒಳಗೆ ಯಾರೋ ಬಿಕ್ಕಿದ ಸದ್ದು. ಮರುಕ್ಷಣ ಟಾರ್ಚು ಹೊತ್ತಿಕೊಂಡಿತು. ಬೆಳಕು ಅವನ ಕಣ್ಣಿಗೆ ಹೊಡೆಯಲಿಲ್ಲ. ಬೆಳಕು ಬಿಡಬೇಕಾದದ್ದು ಕೆಲಸ ಮಾಡುವವನ ಕೈಗೆ ಎಂದು ಹಿಂದೊಮ್ಮೆ ಅವನೇ ಕಲಿಸಿಕೊಟ್ಟಂತೆ, ನೇರವಾಗಿ ಅವನ ಕೈಗಳ ಮೇಲೆ, ಬಿಚ್ಚಿದ ಮೂರು ಚೀಟಿಗಳ ಮೇಲೆ ಬಂದು ನಿಂತಿತು.

ಟಾರ್ಚು ಹಿಡಿದಿದ್ದವಳು ಅವನ ಹೆಂಡತಿ.